ಬಳ್ಳಾರಿ ಸೀಮೆಯ ಕೂಲಿಮಠಗಳಲ್ಲಿ ಬರಹ ಮತ್ತು ವ್ಯಾಕರಣ

ಹೊಸಪೇಟೆ, ಹಂಪೆ, ಕಂಪಲಿಗಳು ಅಂದು ಸೇರಿದ್ದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ಲರು 1823ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿಯಿಂದ ಕೂಲಿಮಠಗಳ ಶಿಕ್ಷಣಕ್ರಮವು ವಿದಿತವಾಗುತ್ತದೆ. ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641.

ಬಾಲಕನು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತಿದ್ದಿ, ಅನಂತರ ಇದ್ದಲಿನ ಪುಡಿ ಬಳಿದ ಹಲಗೆಯ ಮೇಲಾಗಲಿ ಕಡತದ ಮೇಲಾಗಲಿ ಬಳಪದಿಂದ ಬರೆಯುತ್ತಿದ್ದನು. ಈ ಮಿತವ್ಯಯವನ್ನು ಕ್ಯಾಂಬೆಲ್ಲರು ಮೆಚ್ಚಿದರು. ಆದರೆ ಪಠ್ಯಕಾವ್ಯಗಳ ಭಾಷೆಯು ಆಡುಮಾತಿಗಿಂತ ಭಿನ್ನವಾದುದರಿಂದ ಮಕ್ಕಳು ಅರ್ಥವರಿಯದೆ ಗಿಳಿಪಾಠ ಒಪ್ಪಿಸುತ್ತಿದ್ದರೆಂದು ಆಕ್ಷೇಪಿಸಿದರು. ಅರ್ಥಜ್ಞಾನಕ್ಕೆ ಅತ್ಯವಶ್ಯಕವಾದ ನಿಘಂಟು, ವ್ಯಾಕರಣ ಗ್ರಂಥಗಳೇ ಮಠಗಳಲ್ಲಿ ಅತಿವಿರಳವಾಗಿದ್ದುವು. ಹಸ್ತಪ್ರತಿಗಳ ಬೆಲೆ ಅಧಿಕ, ಉಪಾಧ್ಯಾಯರು ಬಡವರು.

ಆದುದರಿಂದ ವ್ಯಾಕರಣದ ಕೊರತೆಗೆ ಅನಾದರವು ಕಾರಣವಲ್ಲ, ದಾರಿದ್ರ್ಯವೇ ಕಾರಣ. ಬರಹಕ್ಕೆ ಮರಳೂ ಇದ್ದಲೂ ಸಾಕಾದುವು. ವ್ಯಾಕರಣಕ್ಕೆ ಗ್ರಂಥವು ಬೇಕಾಗಿತ್ತು.