ಅರವತ್ತು ನಿಮಿಷದ ಕ್ಯಾಸೆಟ್

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ 11 ಮಿನಿ ಡಿವಿ ಕ್ಯಾಸೆಟ್‌ಗಳಿವೆ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಹತ್ತರಲ್ಲಿ ಮದುವೆ, ನಾಮಕರಣ, ಜೋಗದ ಪ್ರವಾಸ, ಯಾರದೋ ಗೃಹಪ್ರವೇಶ. ಹನ್ನೊಂದನೆಯದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಅಜ್ಜಿ - ಹಾಡು’ ಎಂದು ನಾನೇ ಬರೆದಿದ್ದೇನೆ. ಎರಡು ವರ್ಷದಿಂದ ಆ ಒಂದು ಕ್ಯಾಸೆಟ್ಟಿನಿಂದ ಅಜ್ಜಿಯನ್ನು ಹೊರಗೆ ತರಲು ಒದ್ದಾಡುತ್ತಿದ್ದೇನೆ. ಒದ್ದಾಡುತ್ತ ಆ ಯಂತ್ರದ ಚರಿತ್ರೆಯನ್ನೂ ಓದಬೇಕಾಯಿತು. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಸುಮಾರು 1985ರಿಂದ 2008ರವರೆಗಿನ ಮನೆಮನೆಯ ಬದುಕಿನಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ ಎನ್ನುವುದನ್ನು ಬಹುಪಾಲು ತೀರ್ಮಾನಿಸಿದ್ದು ಈ ನಡುಬೆಲೆಯ ಕ್ಯಾಮ್‌ಕಾರ್ಡರ್‌ಗಳ ಗುಣದೋಷಗಳೇ. ನಾವು ತೆಗೆದೆವು ಅಂದುಕೊಂಡಿದ್ದೆವು. ಅದು ಬಿಟ್ಟಷ್ಟನ್ನು ಮಾತ್ರ ತೆಗೆದಿದ್ದೇವೆ.

ನಮ್ಮದನ್ನು 2003ರಲ್ಲಿ ಸಿಂಗಪುರದಿಂದ ರಜೆಗೆ ಬಂದ ಮಾವ ತಂದಿದ್ದರು. ಕಂಪನಿಯ ಹೆಸರು ಬೇಡ. ಆ ಬೆಲೆಗೆ ನಾಲ್ಕೈದು ಕಂಪನಿಗಳು ಮಾರುತ್ತಿದ್ದ ಯಂತ್ರಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಒಳಗೊಂದು ಪುಟ್ಟ ಸೆನ್ಸರ್, ಪಕ್ಕದಲ್ಲಿ ಬಾಗಿಲಿನಂತೆ ತೆರೆಯುವ ಪರದೆ, ಅಂಗೈಗೆ ಬಿಗಿಯುವ ಪಟ್ಟಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ನೂರಾರು ಪಟ್ಟು ‘ಡಿಜಿಟಲ್ ಜೂಮ್’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಿಜವಾದ ಮಸೂರದ ಜೂಮು, 10 ಪಟ್ಟು. ಉಳಿದದ್ದು ಚಿತ್ರವನ್ನು ಎಳೆದು ಹಿಗ್ಗಿಸುವ ಆಟ ಎಂದು ಗೊತ್ತಾಗಲು ನಮಗೆ ಒಂದು ಇಡೀ ಮದುವೆ ಬೇಕಾಯಿತು.

ಈ ಯಂತ್ರದ ವಂಶಾವಳಿ ದೊಡ್ಡದೇನಲ್ಲ. 1980ರ ದಶಕದ ಆರಂಭದಲ್ಲಿ ಮನೆಯವರು ವಿಡಿಯೋ ತೆಗೆಯಬೇಕಿದ್ದರೆ ಕೈಯಲ್ಲೊಂದು ಕ್ಯಾಮೆರಾ, ಹೆಗಲಿಗೊಂದು ರೆಕಾರ್ಡರು, ನಡುವೆ ಒಂದು ಕೇಬಲ್ಲು. 1983ರಲ್ಲಿ ಸೋನಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಬೀಟಾಮೂವಿಯನ್ನು ಮಾರಾಟಕ್ಕೆ ತಂದಿತು. ತಮಾಷೆಯೆಂದರೆ ಅದಕ್ಕೆ ಬರೆಯಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ತೆಗೆದದ್ದನ್ನು ನೋಡಲು ಮನೆಗೆ ಹೋಗಿ ಟೇಪನ್ನು ಬೇರೆ ಡೆಕ್ಕಿಗೆ ಹಾಕಬೇಕಿತ್ತು. ಮರುವರ್ಷ ಜೆವಿಸಿ ವಿಎಚ್‌ಎಸ್ ಕ್ಯಾಸೆಟ್ಟಿನ ಕಿರಿಯ ರೂಪ ಬಳಸುವ ಕ್ಯಾಮೆರಾ ತಂದಿತು. 1985ರಲ್ಲಿ 8 ಮಿಲಿಮೀಟರ್ ಟೇಪಿನ ಹ್ಯಾಂಡಿಕ್ಯಾಮ್ ಬಂತು. 1989ರ ಸಿಸಿಡಿ-ಟಿಆರ್55 ಎಂಬ ಮಾದರಿ 790 ಗ್ರಾಂ ತೂಗುತ್ತಿತ್ತು. ಜಪಾನಿನಲ್ಲಿ ಅದನ್ನು ಪಾಸ್‌ಪೋರ್ಟ್ ಗಾತ್ರದ್ದು ಎಂದು ಜಾಹೀರಾತು ಮಾಡಿದರು. ಪ್ರವಾಸ ಹೋಗುವವರಿಗೆ ಮಾರುವ ಉಪಾಯ ಅದು. 1992ರಲ್ಲಿ ಶಾರ್ಪ್ ಕಂಪನಿ ಕಣ್ಣಿಗೆ ಒತ್ತಿ ಹಿಡಿಯುವ ಕಿಂಡಿಯನ್ನು ತೆಗೆದು ಬೆನ್ನ ಮೇಲೆ ಪರದೆಯನ್ನೇ ಕೂರಿಸಿತು. 1995ರಲ್ಲಿ ಡಿವಿ ಬಂತು. ಅದರ ಮೊದಲ ಯಂತ್ರಗಳು ದುಬಾರಿ. ಐದಾರು ವರ್ಷದಲ್ಲಿ ಬೆಲೆ ಇಳಿದು ಮಾವನಂಥವರ ಸೂಟ್‌ಕೇಸಿನೊಳಗೆ ಹೊಕ್ಕಿತು.

ಇದರಲ್ಲಿ ಆ ಪರದೆಯ ವಿಷಯ ಮಾತ್ರ ಸ್ವಲ್ಪ ನಿಂತು ನೋಡುವಂಥದ್ದು. ಕಿಂಡಿಗೆ ಕಣ್ಣು ಒತ್ತಿ ಹಿಡಿದವನ ಮುಖ ಎದುರಿನವರಿಗೆ ಕಾಣುವುದಿಲ್ಲ. ಯಂತ್ರವೊಂದು ತಮ್ಮನ್ನು ನೋಡುತ್ತಿದೆ ಎನಿಸಿ ಅವರು ಸೆಟೆದು ಕೂರುತ್ತಾರೆ. ಪರದೆ ಬಂದ ಮೇಲೆ ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಹಿಡಿದು ಮಾತಾಡಬಹುದಾಯಿತು. ನಾನು ಅಜ್ಜಿಯನ್ನು ತೆಗೆದಾಗ ಕ್ಯಾಮೆರಾವನ್ನು ಅಕ್ಕಿಮೂಟೆಯ ಮೇಲಿಟ್ಟು ಪಕ್ಕದಲ್ಲಿ ಕೂತಿದ್ದೆ. ಹತ್ತು ನಿಮಿಷದಲ್ಲಿ ಅವಳು ಅದನ್ನು ಮರೆತಳು. ಮರೆಯುವ ಮುಂಚೆ ಒಂದು ಮಾತು ಹೇಳಿದ್ದಳು: “ಎಂಥ ಮಾರಾಯ ಅದು, ಒಂದೇ ಸಮ ಗುಂಯ್ ಅಂತದಲ್ಲ!”

ಗುಂಯ್ ಅನ್ನುತ್ತಿದ್ದದ್ದು ನಿಜ. ಮಿನಿ ಡಿವಿ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಸಣ್ಣ ಉರುಳೆ ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ. ಅದರ ಮೈಗೆ ಹೊಂದಿಸಿದ ತಲೆಗಳು ಟೇಪಿನ ಮೇಲೆ ಓರೆಯಾಗಿ ಗೀರು ಎಳೆಯುತ್ತವೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ 12 ಗೀರು, ಸೆಕೆಂಡಿಗೆ 300. ಒಂದೊಂದರ ಅಗಲ 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ಇಷ್ಟು ಕುಸುರಿ ಕೆಲಸದ ಸದ್ದು, ಅದರಿಂದ ಎರಡೇ ಅಂಗುಲ ದೂರದ ಮೈಕಿಗೆ ಕೇಳದೆ ಇರುತ್ತದೆಯೇ? ಅಗ್ಗದ ಮಾದರಿಗಳಲ್ಲಿ ಹೊರಗಿನ ಮೈಕು ಸಿಕ್ಕಿಸಲು ತೂತನ್ನೇ ಬಿಡುತ್ತಿರಲಿಲ್ಲ. ಜೊತೆಗೆ ಸದ್ದಿನ ಮಟ್ಟವನ್ನು ಯಂತ್ರ ತಾನೇ ಹೊಂದಿಸಿಕೊಳ್ಳುತ್ತಿತ್ತು: ಜೋರಾಗಿ ಮಾತಾಡಿದರೆ ತಗ್ಗಿಸು, ಸುಮ್ಮನಾದರೆ ಏರಿಸು. ಹಾಗಾಗಿ ಮನುಷ್ಯರು ಸುಮ್ಮನಾದಾಗಲೆಲ್ಲ ಮೋಟಾರು ಮಾತಾಡಲು ಶುರುಮಾಡುತ್ತದೆ. ಆ ಕಾಲದ ಯಾವ ಮನೆಯ ವಿಡಿಯೋವನ್ನಾದರೂ ಹಾಕಿ ನೋಡಿ, ಮೌನ ಎಂಬುದೇ ಅದರಲ್ಲಿಲ್ಲ. ಮುಂದೊಂದು ದಿನ ಇವನ್ನು ಕೇಳುವವರು ನಮ್ಮ ಮನೆಗಳಲ್ಲೆಲ್ಲ ಸದಾ ಏನೋ ಯಂತ್ರ ಓಡುತ್ತಿತ್ತು ಅಂದುಕೊಂಡರೆ ಅವರದ್ದು ತಪ್ಪಲ್ಲ.

ಇನ್ನೊಂದು ದೋಷ ಬೆಳಕಿನದು. ಬೆಲೆ ಇಳಿಸಲು ಕಂಪನಿಗಳು ಸೆನ್ಸರನ್ನು ಕಿರಿದು ಮಾಡುತ್ತ ಹೋದವು. ಅಂಗಳದ ಬಿಸಿಲಲ್ಲಿ ಚಿತ್ರ ಹೊಳೆಯುತ್ತದೆ; ಹೊಸ್ತಿಲು ದಾಟಿ ಒಳಗೆ ಹೋದರೆ ಬಣ್ಣ ಸೋರಿಹೋಗಿ ಕಪ್ಪು ಭಾಗದಲ್ಲೆಲ್ಲ ಇರುವೆ ಹರಿದಾಡಿದಂತೆ ಕಾಳುಕಾಳು. ಫೋಕಸ್ಸು ಹಿಂದೆ ಮುಂದೆ ತಡಕಾಡುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂತವರ ಮುಖ ಮಸಿ. ಇದರ ಪರಿಣಾಮ ನನಗೆ ತೀರ ಈಚೆಗೆ ಹೊಳೆದದ್ದು: ನಮ್ಮ 10 ಕ್ಯಾಸೆಟ್‌ಗಳಲ್ಲಿ ಅಡುಗೆಮನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂಗಳವಿದೆ, ಚಪ್ಪರವಿದೆ, ಜಗಲಿಯಿದೆ. ಹೆಂಗಸರು ದಿನದ ಬಹುಪಾಲು ಕಳೆದ ಜಾಗ ಮಾತ್ರ ಯಂತ್ರಕ್ಕೆ ಕಾಣಿಸುತ್ತಿರಲಿಲ್ಲ, ಹಾಗಾಗಿ ನಾವೂ ಅಲ್ಲಿಗೆ ಕ್ಯಾಮೆರಾ ಒಯ್ಯುವುದನ್ನು ಬಿಟ್ಟೆವು.

ಇಂಥ ದೋಷ ಮನೆಯೊಳಗಿನ ಮಾತಾಗಿ ಮುಗಿಯದೆ ಕೋರ್ಟಿನವರೆಗೂ ಹೋದದ್ದುಂಟು. 1991ರ ಮಾರ್ಚ್ 3ರ ನಡುರಾತ್ರಿ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಹಾಲಿಡೇ ಎಂಬ ಕೊಳಾಯಿ ಕೆಲಸದವನು ತನ್ನ ಬಾಲ್ಕನಿಯಿಂದ, ಕೊಂಡು ಹೆಚ್ಚು ದಿನವಾಗಿರದ ವಿಡಿಯೋ 8 ಹ್ಯಾಂಡಿಕ್ಯಾಮಿನಲ್ಲಿ, ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಬಡಿಯುತ್ತಿದ್ದುದನ್ನು ಚಿತ್ರಿಸಿದ. ಜಗತ್ತೆಲ್ಲ ನೋಡಿತು. ಆದರೆ ಆ ಟೇಪಿನ ಶುರುವಿನ ಕೆಲವು ಸೆಕೆಂಡುಗಳಲ್ಲಿ ಕ್ಯಾಮೆರಾ ಅಲುಗಿ ಚಿತ್ರ ಮಸುಕಾಗಿತ್ತು. ಟಿವಿಯವರು ಆ ಭಾಗವನ್ನು ಕತ್ತರಿಸಿ ತೋರಿಸಿದ್ದರು. ವಿಚಾರಣೆಯಲ್ಲಿ ಪೊಲೀಸರ ಪರ ವಕೀಲರು ಅದನ್ನೇ ಹಿಡಿದುಕೊಂಡರು: ನೋಡಿ, ಇಲ್ಲಿ ಅವನು ಎದ್ದು ಅಧಿಕಾರಿಯತ್ತ ನುಗ್ಗುತ್ತಿದ್ದಾನೆ ಎಂದರು. ಉಳಿದ ಭಾಗವನ್ನು ಒಂದೊಂದೇ ಫ್ರೇಮಾಗಿ ನಿಲ್ಲಿಸಿ, ಪ್ರತಿ ಏಟಿಗೂ ಒಂದೊಂದು ಸಮರ್ಥನೆ ಕೊಟ್ಟರು. 1992ರ ಏಪ್ರಿಲ್ 29ರಂದು ಜ್ಯೂರಿ ನಾಲ್ವರು ಪೊಲೀಸರನ್ನು ಬಹುತೇಕ ಎಲ್ಲ ಆರೋಪಗಳಿಂದ ಬಿಟ್ಟಿತು; ನಗರ ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಮಸುಕು ಚಿತ್ರದಿಂದಲೇ ಇಷ್ಟೆಲ್ಲ ಆಯಿತು ಎಂದರೆ ಮೂರ್ಖತನ. ಅಲ್ಲಿನ ವರ್ಣದ್ವೇಷಕ್ಕೆ ಕ್ಯಾಮೆರಾಕ್ಕಿಂತ ಬಹಳ ಹೆಚ್ಚು ವಯಸ್ಸು. ಆದರೂ ಆ ಕೆಲವು ಸೆಕೆಂಡುಗಳಲ್ಲಿ ಯಾರು ಏನನ್ನು ಬೇಕಾದರೂ ಕಾಣಬಹುದಿತ್ತು.

ಇದೇ ಕೊರತೆಯನ್ನು ಬಂಡವಾಳ ಮಾಡಿಕೊಂಡವರೂ ಇದ್ದರು. ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ 1998ರಲ್ಲಿ ‘ಫೆಸ್ಟೆನ್’ ಸಿನಿಮಾವನ್ನು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸೋನಿಯ ಪುಟ್ಟ ಮಿನಿ ಡಿವಿ ಹ್ಯಾಂಡಿಕ್ಯಾಮಿನಲ್ಲಿ ತೆಗೆದ. ಕ್ಯಾಮೆರಾ ಕೈಯಲ್ಲೇ ಇರಬೇಕು, ಬೇರೆ ದೀಪ ಹಾಕಬಾರದು ಎಂಬುದು ಆ ಗೆಳೆಯರ ಗುಂಪಿನ ಡಾಗ್ಮ 95 ಎಂಬ ಕಟ್ಟಳೆ. ಶ್ರೀಮಂತ ಮನೆಯ ಹುಟ್ಟುಹಬ್ಬದ ಊಟಕ್ಕೆ ಕೂತಲ್ಲಿ ಮಗ ಎದ್ದು ನಿಂತು ಅಪ್ಪನ ಹಳೆಯ ಪಾತಕವನ್ನು ಹೇಳುವ ಕತೆ ಅದು. ಬೆಳಕು ಇಳಿಯುತ್ತ ಹೋದಂತೆ ಚಿತ್ರದಲ್ಲಿ ಕಾಳುಕಾಳು ಏಳುತ್ತದೆ, ಮುಖಗಳು ಕರಗುತ್ತವೆ. ನಮ್ಮ ಅಡುಗೆಮನೆಯನ್ನು ನುಂಗಿದ ಅದೇ ದೋಷ! ಆ ವರ್ಷ ಕಾನ್ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಬಹುಮಾನ ಬಂತು. ಎರಡು ವರ್ಷದ ನಂತರ ಫ್ರಾನ್ಸಿನ ಆನ್ಯೆಸ್ ವಾರ್ದಾ, 70 ದಾಟಿದ ನಿರ್ದೇಶಕಿ, ಕೊಯ್ಲಾದ ಹೊಲದಲ್ಲಿ ಅಳಿದುಳಿದದ್ದನ್ನು ಆಯುವವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಳು. ಕ್ಯಾಮೆರಾ ಹಗುರವಾಗಿದ್ದುದರಿಂದ ಒಂದು ಕೈಯಲ್ಲಿ ಹಿಡಿದು ಸುಕ್ಕುಗಟ್ಟಿದ ಇನ್ನೊಂದು ಕೈಯನ್ನು ಚಿತ್ರಿಸಿದಳು. ಒಮ್ಮೆ ಅದನ್ನು ಆರಿಸಲು ಮರೆತು ನಡೆದಾಗ, ದಾರದಲ್ಲಿ ತೂಗುತ್ತಿದ್ದ ಮಸೂರದ ಮುಚ್ಚಳ ಕುಣಿಯುವುದು ದಾಖಲಾಗಿತ್ತು. ಅದನ್ನೂ ಬಿಸಾಡದೆ ಸಂಗೀತ ಹಾಕಿ ಸೇರಿಸಿದಳು. ಆರಿಸಲು ಮರೆತ ದೃಶ್ಯ ನಮ್ಮಲ್ಲೂ ಇದೆ. ಚಪ್ಪಲಿಗಳ ಮೇಲೆ ಏಳು ನಿಮಿಷ.

ಇಷ್ಟು ದೂರಿದವನು ಗುಣವನ್ನೂ ಹೇಳಬೇಕು, ಯಾಕೆಂದರೆ ಚರಿತ್ರೆ ಓದುವವರಿಗೆ ಮಿನಿ ಡಿವಿಯಷ್ಟು ಉಪಕಾರಿಯಾದ ಯಂತ್ರ ಅದಕ್ಕೆ ಮುಂಚೆ ಮನೆಗೆ ಬಂದಿರಲಿಲ್ಲ. ಹಳೆಯ ವಿಎಚ್‌ಎಸ್ ಟೇಪನ್ನು ಪ್ರತಿ ಮಾಡಿದರೆ ಕಾರ್ಬನ್ ಹಾಳೆಯ ಕೆಳಗಿನ ಪ್ರತಿಯಂತೆ ಮಸುಕಾಗುತ್ತಿತ್ತು, ಪ್ರತಿಯ ಪ್ರತಿ ಇನ್ನೂ ಮಸುಕು. ಡಿವಿಯಲ್ಲಿ ಚಿತ್ರ ಅಂಕಿಗಳಾಗಿ ಕೂತಿರುವುದರಿಂದ ಫೈರ್‌ವೈರ್ ಎಂಬ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಮೂಲಕ್ಕೂ ಪ್ರತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆ, ಜಾಗ ಸುಮಾರು 13 ಗಿಗಾಬೈಟ್. ಇನ್ನೂ ಚೆಂದದ್ದು ತಾರೀಖು. ವಿಡಿಯೋ 8ರ ಕಾಲದಲ್ಲಿ ತಾರೀಖು ಬೇಕೆಂದರೆ ಚಿತ್ರದ ಮೂಲೆಯಲ್ಲೇ ಅಚ್ಚೊತ್ತಬೇಕಿತ್ತು, ಬೇಡವೆಂದರೆ ಇಲ್ಲವೇ ಇಲ್ಲ. ಡಿವಿ ಪ್ರತಿ ದೃಶ್ಯದ ದಿನ, ಗಂಟೆ, ಸೆಕೆಂಡುಗಳನ್ನು ಚಿತ್ರಕ್ಕೆ ಮೈಲಿಗೆಯಾಗದಂತೆ ಟೇಪಿನ ಬೇರೆ ಭಾಗದಲ್ಲಿ ಬರೆದಿಡುತ್ತದೆ. ಶಾಸನಗಳ ಕಾಲ ನಿರ್ಣಯಕ್ಕೆ ಲಿಪಿ ನೋಡಿ ಜಗಳಾಡುವ ನಮ್ಮಂಥವರಿಗೆ ಇದು ವರ. ಆದರೆ ವರ ಪಡೆಯಲು ಮೊದಲು ಯಾರಾದರೂ ಗಡಿಯಾರ ಹೊಂದಿಸಿರಬೇಕು. ನಮ್ಮ 11 ಕ್ಯಾಸೆಟ್ಟಿನಲ್ಲೂ ತಾರೀಖಿನ ಜಾಗದಲ್ಲಿ ಬರೀ ಅಡ್ಡಗೆರೆಗಳು.

ಹನ್ನೊಂದನೆಯ ಕ್ಯಾಸೆಟ್ಟಿಗೆ ಬರುತ್ತೇನೆ. ಮಿನಿ ಡಿವಿ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ 60 ನಿಮಿಷ. ತೀರ್ಥಹಳ್ಳಿಯಲ್ಲಿ ಆಗ ಸಿಗುತ್ತಿರಲಿಲ್ಲ, ಶಿವಮೊಗ್ಗದಿಂದ ತರಿಸಬೇಕು. ಅಜ್ಜಿಗೆ ಹಸೆ ಹಾಡು, ಭತ್ತ ಕುಟ್ಟುವ ಹಾಡು, ಬೀಸುವ ಹಾಡು ಎಷ್ಟು ಗೊತ್ತಿದ್ದವೋ ಅವಳಿಗೇ ಲೆಕ್ಕವಿರಲಿಲ್ಲ. ನನ್ನ ಬಳಿ ಉಳಿದದ್ದು ಒಂದೇ ಕ್ಯಾಸೆಟ್. ಮೆನುವಿನಲ್ಲಿ ಎಲ್‌ಪಿ ಎಂದು ಒಂದು ಆಯ್ಕೆಯಿತ್ತು. ಅದನ್ನು ಒತ್ತಿದರೆ ಅದೇ ಟೇಪಿಗೆ 90 ನಿಮಿಷ. ಚಿತ್ರ ಕೆಡಬಹುದೆಂದು ಮೊದಲು ಎರಡು ನಿಮಿಷ ಪರೀಕ್ಷೆ ಮಾಡಿದೆ. ಒಂದಿಷ್ಟೂ ಕೆಡಲಿಲ್ಲ. ಕೆಡುವುದೂ ಇಲ್ಲ, ಎಲ್‌ಪಿಯಲ್ಲೂ ಬರೆಯುವ ಅಂಕಿಗಳು ಅಷ್ಟೇ, ಟೇಪು ನಿಧಾನವಾಗಿ ಓಡಿ ಗೀರುಗಳು ಕಿರಿದಾಗುತ್ತವೆ, 10 ಮೈಕ್ರಾನ್ ಇದ್ದದ್ದು 6.7 ಆಗುತ್ತದೆ. ಬಾಲಕ ಬುದ್ಧಿಗೆ ಇದು ಬಿಟ್ಟಿ ಸಿಕ್ಕ ಅರ್ಧ ಗಂಟೆ ಅನ್ನಿಸಿತು.

ಅದು ಸಾಲವಾಗಿತ್ತು. ಟೇಪನ್ನು ಉರುಳೆಯ ಸುತ್ತ ನಡೆಸುವ ಕಂಬಗಳ ಎತ್ತರ ಒಂದು ಯಂತ್ರದಿಂದ ಇನ್ನೊಂದಕ್ಕೆ ಕೂದಲಿಗಿಂತ ಕಡಿಮೆ ಹೆಚ್ಚುಕಡಿಮೆ ಇರುತ್ತದೆ. 10 ಮೈಕ್ರಾನಿನ ಗೀರಾದರೆ ಬೇರೆ ಯಂತ್ರವೂ ಹೇಗೋ ಓದೀತು. 6.7ರಲ್ಲಿ ತಪ್ಪಿಗೆ ಜಾಗವಿಲ್ಲ. ಬರೆದ ಯಂತ್ರವೇ, ತನ್ನ ಸೊಟ್ಟದೊಂದಿಗೆ, ಅದನ್ನು ಚೆನ್ನಾಗಿ ಓದಬಲ್ಲುದು. ನಮ್ಮ ಯಂತ್ರವೋ 2009ರ ಮಳೆಗಾಲದಲ್ಲಿ ಕ್ಯಾಸೆಟ್ ನುಂಗುವ ಬಾಗಿಲು ಸಿಕ್ಕಿಹಾಕಿಕೊಂಡು ಕೆಟ್ಟಿತು. ರಿಪೇರಿಯವನು ಬಿಡಿಭಾಗ ಬರುತ್ತಿಲ್ಲ ಎಂದ. ಅಮ್ಮ ಮನೆ ಸುಣ್ಣ ಹೊಡೆಸುವಾಗ ಅದನ್ನು ಗುಜರಿಗೆ ಹಾಕಿದಳು. ಕ್ಯಾಸೆಟ್‌ಗಳು ಇದ್ದಾವಲ್ಲ, ಇನ್ನೇನು ಎಂದು ನಾನೂ ಸುಮ್ಮನಿದ್ದೆ.

ಈಗ ಮೂರನೆಯ ಹಳೇ ಕ್ಯಾಮೆರಾ ಕೊಂಡಿದ್ದೇನೆ. ಮೊದಲಿನದರಲ್ಲಿ ನೀಲಿ ಪರದೆ ಬಿಟ್ಟು ಏನೂ ಬರಲಿಲ್ಲ. ಎರಡನೆಯದರಲ್ಲಿ ಚಿತ್ರ ಚೌಕಚೌಕವಾಗಿ ಒಡೆದು, ಅಜ್ಜಿಯ ಸೀರೆಯ ಕೆಂಪು ಅಂಚು ಒಂದು ಕಡೆ, ಹಣೆ ಇನ್ನೊಂದು ಕಡೆ. ದನಿ ಟಕಟಕ ಕಡಿದುಹೋಗಿ ಹಾಡಿನ ಸೊಲ್ಲು ಹಿಡಿಯಲಾಗಲಿಲ್ಲ. ಮೂರನೆಯದು ಪರವಾಗಿಲ್ಲ. ನಡುವಿನಲ್ಲೆಲ್ಲೋ ಒಂದು ತುಣುಕು, ಸರಿಯಾಗಿ 40 ಸೆಕೆಂಡು, ಇಡಿಯಾಗಿ ಓಡುತ್ತದೆ. ಅದರಲ್ಲಿ ಅಜ್ಜಿ ಹಾಡುತ್ತಿಲ್ಲ. ಒಂದು ಹಾಡು ಮುಗಿಸಿ ಇನ್ನೊಂದನ್ನು ನೆನಪಿಸಿಕೊಳ್ಳುತ್ತಿದ್ದಾಳೆ, ಬೆರಳಲ್ಲಿ ಏನೋ ಎಣಿಸುತ್ತಾಳೆ, ಮೋಟಾರಿನ ಗುಂಯ್ ಏರುತ್ತದೆ. ಕ್ಯಾಮೆರಾದ ಹಿಂದಿನಿಂದ, ಮೈಕಿಗೆ ಹತ್ತಿರವಿದ್ದುದರಿಂದ ಎಲ್ಲರಿಗಿಂತ ಸ್ಪಷ್ಟವಾಗಿ, ಅಪ್ಪನ ದನಿ: “ಆರಿಸೋ, ಸುಮ್ನೆ ಕ್ಯಾಸೆಟ್ ಖರ್ಚಾಗ್ತದೆ.”

ನಾನು ಆರಿಸಿರಲಿಲ್ಲ. ಅಪ್ಪ ಈಗಿಲ್ಲ, ಉಳಿದ ಕ್ಯಾಸೆಟ್‌ಗಳನ್ನು ಬಹುತೇಕ ತೆಗೆದದ್ದು ಅವರೇ ಆದ್ದರಿಂದ ಅವುಗಳಲ್ಲಿ ಅವರ ಮುಖ ಒಂದೆರಡು ಕಡೆ ಬಿಟ್ಟರೆ ಎಲ್ಲೂ ಇಲ್ಲ. ಆ 40 ಸೆಕೆಂಡನ್ನು ಇಳಿಸಿ ಮೂರು ಕಡೆ ಇಟ್ಟಿದ್ದೇನೆ. ನಾಲ್ಕನೆಯ ಕ್ಯಾಮೆರಾ, ಮಾವ ತಂದದ್ದೇ ಮಾದರಿಯದು, ಬೆಂಗಳೂರಿನ ಒಬ್ಬರ ಬಳಿ ಇದೆಯಂತೆ. ಬಾಗಿಲು ಸರಿಯಿದೆ, ಬ್ಯಾಟರಿ ಮಾತ್ರ ಇಲ್ಲ ಎಂದಿದ್ದಾರೆ. ಮುಂದಿನ ಭಾನುವಾರ ಹೋಗುತ್ತಿದ್ದೇನೆ.