ಬೇರನ್ನೇ ಹೊತ್ತ ಕಾಂಡ್ಲಾ

ಶರಾವತಿ ಕಡಲು ಸೇರುವ ಹೊನ್ನಾವರದ ಈ ಅಳಿವೆಯಲ್ಲಿ ಕಮಾನಿನಂತೆ ಬಾಗಿದ ಬೇರುಗಳ ಮೇಲೆ ನಿಂತಿರುವ ಕಾಂಡ್ಲಾ ಮರಗಳು ರೈಜೋಫೋರಾ ಕುಲದವು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಬಳಸಿದ ಈ ಗ್ರೀಕ್ ಮೂಲದ ಹೆಸರಿಗೆ ‘ಬೇರು ಹೊತ್ತದ್ದು’ ಎಂದರ್ಥ. ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಕೆಸರಿನೊಳಗೆ ಉಸಿರಾಡಲು ಗಾಳಿಯಿಲ್ಲ. ಊರುಗೋಲು ಬೇರುಗಳ ತೊಗಟೆಯಲ್ಲಿರುವ ಸಣ್ಣ ರಂಧ್ರಗಳು ಇಳಿತದ ಹೊತ್ತಿನಲ್ಲಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ನೀರಿನ ಬಹುಪಾಲು ಉಪ್ಪನ್ನು ಬೇರುಗಳೇ ಹೊರಗೆ ತಡೆಯುತ್ತವೆ. ಎಲೆ ದಪ್ಪ, ಎದುರುಬದುರು ಜೋಡಣೆ, ತುದಿಯಲ್ಲಿ ಚಿಕ್ಕ ಮುಳ್ಳು. ಹೂವಿಗೆ ನಾಲ್ಕು ಪುಷ್ಪಪತ್ರ, ನಾಲ್ಕು ದಳ. ದಳದ ಅಂಚಿನಲ್ಲಿ ಬಿಳಿ ರೋಮವಿದ್ದರೆ ಅದು ಮ್ಯೂಕ್ರೊನೇಟಾ ಪ್ರಭೇದ. ರೋಮವಿಲ್ಲದ, ತೊಟ್ಟಿಲ್ಲದ ಜೋಡಿಹೂಗಳಿದ್ದರೆ ಎಪಿಕ್ಯುಲೇಟಾ. ಕರ್ನಾಟಕದ ಕರಾವಳಿಯಲ್ಲಿ ಎರಡೂ ಇವೆ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದರ ಬಸಿರು. ಬೀಜ ನೆಲಕ್ಕೆ ಬೀಳುವುದಿಲ್ಲ; ತಾಯಿಮರದಲ್ಲಿ ತೂಗುತ್ತಿರುವಾಗಲೇ ಹಣ್ಣಿನೊಳಗೆ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಇಳಿಬೀಳುತ್ತದೆ. ಮ್ಯೂಕ್ರೊನೇಟಾದಲ್ಲಿ ಈ ಕೋಡು 30 ಸೆಂ.ಮೀ. ಮೀರಿಯೂ ಬೆಳೆಯುತ್ತದೆ. ಕಳಚಿದ್ದು ಇಳಿತದಲ್ಲಿ ಅಲ್ಲೇ ಕೆಸರಿಗೆ ನಾಟಬಹುದು, ಭರತದಲ್ಲಿ ತೇಲಿ ದೂರದ ದಡ ಹಿಡಿಯಬಹುದು.

ಕೆಸರಿನಲ್ಲಿ ನೆಟ್ಟಗೆ ನಿಂತ ಹಸಿರು ಕೋಲು ಕಂಡರೆ ದಯವಿಟ್ಟು ಕೀಳಬೇಡಿ. ಅದು ಜೀವಂತ ಸಸಿ.