ಸ್ವರ್ಗದ ಹುಡುಕಾಟ ಮತ್ತು ಸನ್ನತಿಯ ಕಲ್ಲು

ಧರ್ಮಗ್ರಂಥಗಳಲ್ಲಿ ವರ್ಣಿಸಿದ ಸ್ವರ್ಗವನ್ನು ಭೂಪಟದಲ್ಲಿ ಗುರುತಿಸುವ ಪ್ರಯತ್ನ ಬಹಳ ಹಳೆಯದು. ಬೈಬಲ್ಲಿನ ಏಡನ್ ತೋಟದ ನದಿ ನಾಲ್ಕು ಕವಲಾಗುತ್ತದೆ. ಅವುಗಳಲ್ಲಿ ಟೈಗ್ರಿಸ್, ಯೂಫ್ರಟಿಸ್ ಇಂದಿಗೂ ಹರಿಯುತ್ತಿವೆ. ಉಳಿದೆರಡನ್ನು ಅರ್ಮೇನಿಯದಿಂದ ಪರ್ಷಿಯನ್ ಕೊಲ್ಲಿಯವರೆಗೆ ಹುಡುಕಿದ್ದಾರೆ. 1995ರಲ್ಲಿ ಕ್ಲಾಸ್ ಶ್ಮಿಟ್ ತುರ್ಕಿಯ ಗೋಬೆಕ್ಲಿ ತೆಪೆಯಲ್ಲಿ ಉತ್ಖನನ ಆರಂಭಿಸಿದರು. ಅಲ್ಲಿನ ಕಲ್ಲುಕಂಬಗಳು ಸುಮಾರು 11,000 ವರ್ಷ ಹಳೆಯವೆಂದು ತಿಳಿದಾಗ, ಇದೇ ಏಡನ್ ಎಂದವರೂ ಇದ್ದರು. ಆದರೆ ಮಣ್ಣಿನಲ್ಲಿ ಸಿಕ್ಕಿದ್ದು ಕಂಬಗಳು, ಪ್ರಾಣಿಗಳ ಮೂಳೆಗಳು, ಕಲ್ಲಿನ ಉಪಕರಣಗಳು; ಏಡನ್‌ಗೆ ಪುರಾವೆಯಲ್ಲ.

ಸ್ವರ್ಗದ ಮಾತು ನಮ್ಮ ನೆಲದಲ್ಲೂ ಸಿಕ್ಕಿದೆ. ಅದು ಸಿಕ್ಕಿದ ಬಗೆ ಬೇರೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮಾ ನದಿಯ ದಂಡೆಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅದು ಅಶೋಕನ ಶಾಸನ. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೂ, ಅಶೋಕನ ಹೆಸರು ಕೊರೆದ ಶಿಲ್ಪವೂ ದೊರೆತವು.

ಇವುಗಳ ಕಾಲವನ್ನು ತಿಳಿಯುವುದು ಹೇಗೆ? ಸ್ತೂಪದ ಫಲಕಗಳು ಸುಣ್ಣಕಲ್ಲಿನವು. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಕಚ್ಚಾವಸ್ತುವೂ, ಶಹಾಬಾದಿನ ನೆಲಹಾಸು ಕಲ್ಲೂ ಇದೇ ಜಾತಿಯವು. ಸುಣ್ಣಕಲ್ಲಿನಲ್ಲಿ ಕಾರ್ಬನ್ ಇದೆ. ಹಾಗಾದರೆ ಕಾರ್ಬನ್-14 ವಿಧಾನ ಸಾಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಲದು. ಕಾರ್ಬನ್-14ರ ಅರ್ಧಾಯು ಸುಮಾರು 5,730 ವರ್ಷ. 50,000 ವರ್ಷ ಕಳೆದರೆ ಅಳೆಯುವಷ್ಟು ಉಳಿಯುವುದಿಲ್ಲ. ಈ ಕಲ್ಲಿಗೆ ಕೋಟ್ಯಂತರ ವರ್ಷ ವಯಸ್ಸು. ಮೇಲಾಗಿ ನಮಗೆ ಬೇಕಾದದ್ದು ಕಲ್ಲು ಹುಟ್ಟಿದ ಕಾಲವಲ್ಲ, ಉಳಿ ತಾಗಿದ ಕಾಲ. ಅದಕ್ಕೆ ಅಕ್ಷರಗಳ ರೂಪ ಮತ್ತು ಮಣ್ಣಿನ ಪದರಗಳೇ ಆಧಾರ. ಅಶೋಕನ ಕಾಲಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ಬೇರೆಡೆ ಸಿಕ್ಕಿದ ಅವನ 13ನೇ ಶಾಸನವು ಸಮಕಾಲೀನ ಗ್ರೀಕ್ ದೊರೆಗಳನ್ನು ಹೆಸರಿಸುತ್ತದೆ. ಅವರ ಆಳ್ವಿಕೆಯ ವರ್ಷಗಳು ಗೊತ್ತಿರುವುದರಿಂದ ಅಶೋಕ ಕ್ರಿ.ಪೂ. 3ನೇ ಶತಮಾನದ ಮಧ್ಯಭಾಗದವನೆಂದು ತಿಳಿಯುತ್ತದೆ.

ಸನ್ನತಿಯ ಕಲ್ಲಿನಲ್ಲಿ 12 ಮತ್ತು 14ನೇ ಶಾಸನಗಳ ಜೊತೆಗೆ, ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳಿವೆ. ಪೀಠಕ್ಕಾಗಿ ರಂಧ್ರ ಕೊರೆದದ್ದರಿಂದ ಇಲ್ಲಿ ಕೆಲವು ಅಕ್ಷರಗಳು ನಾಶವಾಗಿವೆ. ಧೌಲಿಯ ಪಾಠದಿಂದ ಅರ್ಥ ತಿಳಿಯುತ್ತದೆ. ನ್ಯಾಯಾಧಿಕಾರಿಗಳು ಕಾರಣವಿಲ್ಲದೆ ಯಾರನ್ನೂ ಸೆರೆಗೆ ನೂಕಬಾರದು. ಅಸೂಯೆ, ಕೋಪ, ಆತುರ, ಸೋಮಾರಿತನ ಸಲ್ಲದು. ಹಾಗೆ ನಡೆದರೆ ಅವರಿಗೆ ಸ್ವರ್ಗ, ರಾಜನ ಋಣದಿಂದ ಬಿಡುಗಡೆ.

ಸ್ವರ್ಗ ಎಲ್ಲಿದೆ ಎಂದು ಶಾಸನ ಹೇಳುವುದಿಲ್ಲ. ಉತ್ಖನನ ಅದನ್ನು ಹೇಳಲಾರದು. ಇಂಥ ಕಾಲದಲ್ಲಿ ಇಂಥ ದೊರೆ ತನ್ನ ಅಧಿಕಾರಿಗಳಿಗೆ ಹೀಗೆ ಹೇಳಿದ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲದು. ನಂಬಿಕೆಯನ್ನು ಮೊದಲಿಟ್ಟು ಅಗೆದವರಿಗೆ ಕಲ್ಲೆಲ್ಲ ಏಡನ್ ಆಗಿ ಕಾಣುತ್ತದೆ. ಕಲ್ಲನ್ನು ಮೊದಲು ಓದಿದವರಿಗೆ ಸನ್ನತಿ ಸಿಗುತ್ತದೆ. ಚಿಂಚೋಳಿ, ಸೇಡಂಗಳ ಶಾಲೆಗಳ ಶಿಕ್ಷಕರು ಪ್ರವಾಸಕ್ಕೆ ದೂರ ಹೋಗುವ ಮೊದಲು ಮಕ್ಕಳನ್ನು ಇಲ್ಲಿಗೊಮ್ಮೆ ಕರೆತರಲಿ.